ಸಂಧಿವಾತ ಮತ್ತು ಆಟೋಇಮ್ಯೂನ್ ರೋಗಗಳು: ಹೊಸ ಚಿಕಿತ್ಸೆಗಳು ಮತ್ತು ಮೊದಲ ಮೂರು ತಿಂಗಳ ಮಹತ್ವ

ಬೆಳಿಗ್ಗೆ ಎದ್ದಾಗ ಕೈಬೆರಳು ಮಡಚಲು ಆಗುವುದಿಲ್ಲ, ತೆಂಗಿನಕಾಯಿ ತುರಿಯಲು ಆಗುವುದಿಲ್ಲ, ಬೀಡಿ ಕಟ್ಟಲು ಕುಳಿತರೆ ಮಣಿಕಟ್ಟು ಊದಿಕೊಳ್ಳುತ್ತದೆ ಎಂಬ ಮಾತು ನಮ್ಮ ಕರಾವಳಿಯ ಮನೆಗಳಲ್ಲಿ ಹೊಸದೇನೂ ಅಲ್ಲ. "ಅದು ವಾತ, ಪ್ರಾಯ ಆಯಿತಲ್ಲ" ಎಂದು ಹೇಳಿ ಎಣ್ಣೆ ತಿಕ್ಕಿ ಸುಮ್ಮನಾಗುವುದೂ ರೂಢಿ. ಆದರೆ ಇಂತಹ ನೋವುಗಳಲ್ಲಿ ಕೆಲವು ಪ್ರಾಯದಿಂದ ಬಂದ ಸವೆತವಲ್ಲ. ರೋಗಾಣುಗಳಿಂದ ನಮ್ಮನ್ನು ಕಾಯಬೇಕಾದ ರಕ್ಷಣಾ ವ್ಯವಸ್ಥೆಯೇ ನಮ್ಮ ಸ್ವಂತ ದೇಹದ ಮೇಲೆ ತಿರುಗಿ ಬಿದ್ದಾಗ ಅವು ಬರುತ್ತವೆ. ಇವುಗಳಿಗೆ ಆಟೋಇಮ್ಯೂನ್ ರೋಗಗಳು ಎಂದು ಹೆಸರು. ಇಪ್ಪತ್ತೈದು, ಮೂವತ್ತು ವರ್ಷದ ತಾಯಂದಿರಿಗೂ ಇವು ಬರುತ್ತವೆ.

ಬೆಂಗಳೂರಿನ ಉತ್ತರ ಭಾಗದಲ್ಲಿರುವ ಸಂಜಯನಗರದಲ್ಲಿ ನೆಲೆಸಿರುವ ಕರಾವಳಿಯವರಾದ ನಮಗೆ ಊರಿನಿಂದ ಆಗಾಗ ಒಂದು ಪ್ರಶ್ನೆ ಬರುತ್ತದೆ: "ಅಲ್ಲಿ ಗಂಟು ನೋವಿಗೆ ಹೊಸ ಇಂಜೆಕ್ಷನ್ ಬಂದಿದೆಯಂತೆ, ಹೌದೋ? ಎಷ್ಟು ಖರ್ಚಾಗುತ್ತದೆ?" ಹೊಸ ಇಂಜೆಕ್ಷನ್‌ಗಳು ಬಂದಿರುವುದು ನಿಜ. ಆದರೆ ಈ ರೋಗಗಳ ವಿಷಯದಲ್ಲಿ ಕಳೆದ ಕೆಲವು ದಶಕಗಳಲ್ಲಿ ವೈದ್ಯಶಾಸ್ತ್ರ ಕಲಿತ ಅತಿ ದೊಡ್ಡ ಪಾಠ ದುಬಾರಿ ಔಷಧದ್ದಲ್ಲ. ರೋಗ ಶುರುವಾದ ಮೊದಲ ಕೆಲವು ತಿಂಗಳಲ್ಲೇ ಸರಿಯಾದ ವೈದ್ಯರಲ್ಲಿ ಹೋಗಿ, ಕಡಿಮೆ ಬೆಲೆಯ ಮಾತ್ರೆಯನ್ನಾದರೂ ಕ್ರಮವಾಗಿ ಸೇವಿಸಿದರೆ ಬಹಳಷ್ಟು ಜನರ ಕೈಕಾಲು ಉಳಿಯುತ್ತದೆ ಎಂಬುದೇ ಆ ಪಾಠ. ಈ ಬಗ್ಗೆ ನಮ್ಮ ಓದುಗರಿಗೂ, ಚರ್ಚುಗಳಲ್ಲಿ ರೋಗಿಗಳ ಸೇವೆ ಮಾಡುವವರಿಗೂ ಉಪಯೋಗವಾಗುವ ಮಾಹಿತಿಯನ್ನು ಇಲ್ಲಿ ಕೊಡುತ್ತಿದ್ದೇವೆ.

ಎಲ್ಲಾ ಗಂಟು ನೋವು ಒಂದೇ ಅಲ್ಲ

ಮೊಣಕಾಲಿನ ಎಲುಬು ಸವೆದು ಬರುವ ನೋವನ್ನು ಆಸ್ಟಿಯೋ ಆರ್ಥ್ರೈಟಿಸ್ ಎನ್ನುತ್ತಾರೆ. ಇದು ಹೆಚ್ಚಾಗಿ ಪ್ರಾಯವಾದವರಲ್ಲಿ ಕಾಣುತ್ತದೆ. ನಡೆದಾಗ ಹೆಚ್ಚುತ್ತದೆ, ಕುಳಿತಾಗ ಕಡಿಮೆಯಾಗುತ್ತದೆ. ಯೂರಿಕ್ ಆಮ್ಲ ಹೆಚ್ಚಾಗಿ ಒಮ್ಮೆಲೇ ಕಾಲಿನ ಹೆಬ್ಬೆರಳು ಕೆಂಪಾಗಿ ಊದಿಕೊಳ್ಳುವುದು ಗೌಟ್. ಚಿಕೂನ್‌ಗುನ್ಯಾ ಜ್ವರದ ನಂತರವೂ ತಿಂಗಳುಗಟ್ಟಲೆ ಗಂಟು ನೋವು ಉಳಿಯುವುದುಂಟು. 2006ರಲ್ಲಿ ಕರ್ನಾಟಕದ ಅನೇಕ ಜಿಲ್ಲೆಗಳಲ್ಲಿ, 2008ರಲ್ಲಿ ದಕ್ಷಿಣ ಕನ್ನಡದಲ್ಲಿ ಇದನ್ನು ಅನುಭವಿಸಿದವರು ಬಹಳ ಮಂದಿ.

ಆಟೋಇಮ್ಯೂನ್ ರೋಗಗಳು ಇವುಗಳಿಂದ ಬೇರೆ. ಮುಖ್ಯವಾದವು ಹೀಗಿವೆ.

ರುಮಟಾಯ್ಡ್ ಆರ್ಥ್ರೈಟಿಸ್: ಕೈಬೆರಳು, ಮಣಿಕಟ್ಟು, ಪಾದದ ಸಣ್ಣ ಗಂಟುಗಳಲ್ಲಿ, ಸಾಮಾನ್ಯವಾಗಿ ಎರಡೂ ಬದಿಯಲ್ಲಿ, ಊತ ಬರುತ್ತದೆ. ಬೆಳಿಗ್ಗೆ ಅರ್ಧ ಗಂಟೆಗಿಂತ ಹೆಚ್ಚು ಹೊತ್ತು ಗಂಟುಗಳು ಬಿಗಿಯಾಗಿರುತ್ತವೆ, ಕೆಲಸ ಮಾಡುತ್ತಾ ಹೋದಂತೆ ಸಡಿಲವಾಗುತ್ತವೆ. ಪುರುಷರಿಗಿಂತ ಸ್ತ್ರೀಯರಲ್ಲಿ ಎರಡು ಮೂರು ಪಟ್ಟು ಹೆಚ್ಚು.

ಲೂಪಸ್: ಹೆಚ್ಚಾಗಿ ಯುವತಿಯರಿಗೆ ಬರುತ್ತದೆ. ಹತ್ತು ರೋಗಿಗಳಲ್ಲಿ ಸುಮಾರು ಒಂಬತ್ತು ಮಂದಿ ಸ್ತ್ರೀಯರು. ಗಂಟು ನೋವಿನ ಜೊತೆ ಮುಖದ ಮೇಲೆ ಕೆಂಪು ಗುಳ್ಳೆ ಅಥವಾ ಮಚ್ಚೆ, ಬಿಸಿಲಿಗೆ ಹೋದರೆ ತೊಂದರೆ, ಕೂದಲು ಉದುರುವುದು, ಬಾಯಿಹುಣ್ಣು, ಬಿಡದ ಜ್ವರ ಇರಬಹುದು. ಮೂತ್ರಪಿಂಡಕ್ಕೆ ತಗಲಿದರೆ ಪ್ರಾಣಕ್ಕೇ ಅಪಾಯ.

ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್: ಹೆಚ್ಚಾಗಿ ಯುವಕರಲ್ಲಿ ಕಾಣುತ್ತದೆ. ಸೊಂಟ ನೋವು ರಾತ್ರಿಯ ಕೊನೆಯ ಜಾವದಲ್ಲಿ ಎಬ್ಬಿಸುತ್ತದೆ, ಎದ್ದು ಓಡಾಡಿದರೆ ಕಡಿಮೆಯಾಗುತ್ತದೆ. ಇದನ್ನು ಉಳುಕು ಎಂದು ತಿಳಿದು ವರ್ಷಗಟ್ಟಲೆ ಕಳೆಯುವವರಿದ್ದಾರೆ.

ಮಕ್ಕಳಲ್ಲಿ ಗಂಟಲು ನೋವಿನ ನಂತರ ಬರುವ ರುಮ್ಯಾಟಿಕ್ ಜ್ವರವೂ ಇದೇ ಗುಂಪಿಗೆ ಹತ್ತಿರದ ರೋಗ. ಅದರಲ್ಲಿ ಗಂಟುಗಳ ಊತ ಇಳಿದು ಹೋಗುತ್ತದೆ, ಆದರೆ ಹೃದಯದ ಕವಾಟಗಳು ಹಾಳಾಗಬಹುದು. ಆದ್ದರಿಂದ ವೈದ್ಯರು ಹೇಳಿದಷ್ಟು ವರ್ಷ ಮೂರು ಅಥವಾ ನಾಲ್ಕು ವಾರಕ್ಕೊಮ್ಮೆ ಪೆನಿಸಿಲಿನ್ ಇಂಜೆಕ್ಷನ್ ತಪ್ಪಿಸಬಾರದು.

ಇವು ಅಪರೂಪದ ರೋಗಗಳೆಂದು ತಿಳಿಯಬೇಡಿ. ದೆಹಲಿ ಸಮೀಪದ ಹಳ್ಳಿಗಳಲ್ಲಿ ನಡೆದು 1993ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ವಯಸ್ಕರಲ್ಲಿ ಶೇಕಡಾ 0.75 ಮಂದಿಗೆ ರುಮಟಾಯ್ಡ್ ಆರ್ಥ್ರೈಟಿಸ್ ಕಂಡುಬಂದಿತು. ಪುಣೆ ಜಿಲ್ಲೆಯ ಭಿಗ್ವಣ್ ಗ್ರಾಮದಲ್ಲಿ 1996ರಲ್ಲಿ ಆರಂಭವಾದ ಸಮೀಕ್ಷೆಯಲ್ಲಿ ಈ ಪ್ರಮಾಣ ಶೇಕಡಾ 0.5ರಷ್ಟಿತ್ತು. ಈ ಲೆಕ್ಕದಲ್ಲಿ ಸಾವಿರ ಮಂದಿ ವಯಸ್ಕರಿರುವ ಒಂದು ಚರ್ಚಿನಲ್ಲಿ ಐದರಿಂದ ಏಳು ಮಂದಿಗೆ ಈ ಒಂದೇ ರೋಗ ಇರಬಹುದು.

ರೋಗ ಏಕೆ ಬರುತ್ತದೆ?

ಹಿಂದೆ ಇದಕ್ಕೆ ಉತ್ತರವೇ ಇರಲಿಲ್ಲ. ಈಗ ಸ್ವಲ್ಪ ಮಟ್ಟಿಗೆ ತಿಳಿದಿದೆ. ಕೆಲವು ವಂಶವಾಹಿಗಳಿರುವವರಿಗೆ ರೋಗ ಬರುವ ಸಂಭವ ಹೆಚ್ಚು. ಹಾಗೆಂದು ತಾಯಿಗೆ ಇದ್ದರೆ ಮಗಳಿಗೆ ಬಂದೇ ಬರುತ್ತದೆ ಎಂದಿಲ್ಲ, ಹೆಚ್ಚಿನ ಮಕ್ಕಳಿಗೆ ಬರುವುದಿಲ್ಲ. ರುಮಟಾಯ್ಡ್ ಆರ್ಥ್ರೈಟಿಸ್‌ನಲ್ಲಿ ಧೂಮಪಾನ ಒಂದು ಸ್ಪಷ್ಟ ಕಾರಣವೆಂದು ರುಜುವಾತಾಗಿದೆ. ವಸಡಿನ ರೋಗಕ್ಕೂ ಇದಕ್ಕೂ ಸಂಬಂಧವಿದೆ ಎಂಬುದಕ್ಕೆ ಸಾಕಷ್ಟು ಆಧಾರ ಸಿಕ್ಕಿದೆ.

ಇನ್ನೂ ಆಶ್ಚರ್ಯದ ಸಂಗತಿಯೆಂದರೆ ಈ ರೋಗ ಗಂಟುಗಳಲ್ಲಿ ಕಾಣಿಸುವುದಕ್ಕೆ ಎಷ್ಟೋ ಮೊದಲೇ ರಕ್ತದಲ್ಲಿ ಆರಂಭವಾಗಿರುತ್ತದೆ. ಸ್ವೀಡನ್ನಿನ ವೈದ್ಯರು ಹಿಂದೆ ಸಂಗ್ರಹಿಸಿಟ್ಟಿದ್ದ ರಕ್ತವನ್ನು ಪರೀಕ್ಷಿಸಿ, ನೋವು ಶುರುವಾಗುವುದಕ್ಕೆ ವರ್ಷಗಳ ಮೊದಲೇ ಆಂಟಿ ಸಿಸಿಪಿ ಎಂಬ ಪ್ರತಿಕಾಯ ಇರುತ್ತದೆಂದು 2003ರಲ್ಲಿ ತೋರಿಸಿದರು. ಹೀಗಾಗಿ ರೋಗ ಬರುವ ಮೊದಲೇ ತಡೆಯಬಹುದೇ ಎಂಬ ಪ್ರಯೋಗಗಳೂ ನಡೆದಿವೆ. 2024ರಲ್ಲಿ ಪ್ರಕಟವಾದ ಎರಡು ಅಧ್ಯಯನಗಳಲ್ಲಿ ಅಬಟಸೆಪ್ಟ್ ಎಂಬ ಔಷಧವು ಇಂತಹವರಲ್ಲಿ ರೋಗವನ್ನು ಮುಂದೂಡಿತು. ಇದು ಇನ್ನೂ ಸಾಮಾನ್ಯ ಚಿಕಿತ್ಸೆಯಾಗಿಲ್ಲ.

ದೇಹದ ರಕ್ಷಣಾ ವ್ಯವಸ್ಥೆ ಎಲ್ಲರಲ್ಲೂ ಏಕೆ ತಿರುಗಿ ಬೀಳುವುದಿಲ್ಲ ಎಂಬ ಪ್ರಶ್ನೆಗೆ ಉತ್ತರ ಕಂಡುಕೊಂಡವರಿಗೆ 2025ರ ವೈದ್ಯಕೀಯ ನೊಬೆಲ್ ಪ್ರಶಸ್ತಿ ದೊರೆಯಿತು. ಜಪಾನಿನ ಶಿಮೊನ್ ಸಕಾಗುಚಿಯವರು 1995ರಲ್ಲಿ ನಮ್ಮ ರಕ್ಷಣಾ ಕಣಗಳನ್ನು ಹದ್ದುಬಸ್ತಿನಲ್ಲಿಡುವ ಒಂದು ವಿಶೇಷ ಜಾತಿಯ ಬಿಳಿ ರಕ್ತಕಣಗಳನ್ನು ಗುರುತಿಸಿದರು. ಅಮೆರಿಕದ ಮೇರಿ ಬ್ರಂಕೋ ಮತ್ತು ಫ್ರೆಡ್ ರಾಮ್ಸ್‌ಡೆಲ್ ಅವರು 2001ರಲ್ಲಿ ತೀವ್ರ ಆಟೋಇಮ್ಯೂನ್ ರೋಗಕ್ಕೆ ಕಾರಣವಾದ ವಂಶವಾಹಿಯ ದೋಷವನ್ನು ಕಂಡುಹಿಡಿದರು. ಆ ವಂಶವಾಹಿಯೇ ಸಕಾಗುಚಿಯವರು ಗುರುತಿಸಿದ ಕಣಗಳನ್ನು ರೂಪಿಸುತ್ತದೆ ಎಂಬುದು ನಂತರ ತಿಳಿಯಿತು. ಊರಿನ ಜಗಳ ಬಿಡಿಸುವ ಹಿರಿಯರಿದ್ದಂತೆ ಈ ಕಣಗಳು. ಅವು ಸೋತಲ್ಲಿ ದೇಹದೊಳಗೆ ಜಗಳ ಹತ್ತುತ್ತದೆ.

ಔಷಧಗಳು ಬೆಳೆದು ಬಂದ ದಾರಿ

1948ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನಲ್ಲಿ ಡಾ. ಫಿಲಿಪ್ ಹೆಂಚ್ ಅವರು ಕಾರ್ಟಿಸೋನ್ ಎಂಬ ಸ್ಟೀರಾಯ್ಡ್ ಕೊಟ್ಟಾಗ ಏಳಲಾಗದೆ ಮಲಗಿದ್ದ ರೋಗಿ ಕೆಲವೇ ದಿನಗಳಲ್ಲಿ ನಡೆದಾಡಿದರು. 1950ರಲ್ಲಿ ಅವರಿಗೂ ಇತರ ಇಬ್ಬರಿಗೂ ನೊಬೆಲ್ ಪ್ರಶಸ್ತಿ ಬಂತು. ಆದರೆ ದೀರ್ಘ ಕಾಲ ಸೇವಿಸಿದರೆ ಎಲುಬು ಟೊಳ್ಳಾಗುವುದು, ಸಕ್ಕರೆ ಕಾಯಿಲೆ, ಮುಖ ಊದುವುದು, ಕಣ್ಣಿನ ಪೊರೆ ಮುಂತಾದ ತೊಂದರೆಗಳು ಬರುತ್ತವೆಂದು ಬೇಗನೆ ತಿಳಿಯಿತು. ಇಂದು ವೈದ್ಯರು ಸ್ಟೀರಾಯ್ಡನ್ನು ಸಾಧ್ಯವಾದಷ್ಟು ಕಡಿಮೆ ಪ್ರಮಾಣದಲ್ಲಿ, ಕಡಿಮೆ ಸಮಯ ಕೊಡುತ್ತಾರೆ. ಹೆಸರಿಲ್ಲದ ಪುಡಿ, ಗುಳಿಗೆಗಳಿಂದ ಎರಡೇ ದಿನದಲ್ಲಿ ನೋವು ಮಾಯವಾದರೆ ಅದರಲ್ಲಿ ಸ್ಟೀರಾಯ್ಡ್ ಬೆರೆಸಿರುವ ಸಂಶಯ ಪಡಲೇಬೇಕು.

ಇಂದಿಗೂ ರುಮಟಾಯ್ಡ್ ಆರ್ಥ್ರೈಟಿಸ್ ಚಿಕಿತ್ಸೆಯ ಆಧಾರಸ್ತಂಭ ಮೆಥೊಟ್ರೆಕ್ಸೇಟ್ ಎಂಬ ಮಾತ್ರೆ. ಇದರ ಹಿಂದೆ ಒಬ್ಬ ಭಾರತೀಯರ ದುಡಿಮೆಯೂ ಇದೆ. ಆಂಧ್ರದ ಭೀಮಾವರದಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಅವರು ಅಮೆರಿಕದ ಲೆಡರ್ಲೆ ಪ್ರಯೋಗಶಾಲೆಯಲ್ಲಿ 1940ರ ದಶಕದಲ್ಲಿ ಈ ಜಾತಿಯ ಔಷಧಗಳ ತಯಾರಿಕೆಯನ್ನು ಮುನ್ನಡೆಸಿದರು. ಮೊದಲು ರಕ್ತದ ಕ್ಯಾನ್ಸರಿಗೆ ಬಳಕೆಯಾದ ಇದನ್ನು ಬಹಳ ಸಣ್ಣ ಪ್ರಮಾಣದಲ್ಲಿ ಗಂಟುರೋಗಕ್ಕೆ ಕೊಡಲು ಅಮೆರಿಕ 1988ರಲ್ಲಿ ಅನುಮತಿ ನೀಡಿತು. ಇದರ ಜೊತೆ ಹೈಡ್ರಾಕ್ಸಿಕ್ಲೋರೋಕ್ವಿನ್, ಸಲ್ಫಸಲಜಿನ್, ಲೆಫ್ಲುನೊಮೈಡ್ ಮಾತ್ರೆಗಳೂ ಬಳಕೆಯಲ್ಲಿವೆ. ಇವು ನೋವಿನ ಗುಳಿಗೆಗಳಲ್ಲ. ರೋಗದ ಗತಿಯನ್ನೇ ತಡೆಯುವ ಔಷಧಗಳು. ಗುಣ ಕಾಣಲು ಆರರಿಂದ ಹನ್ನೆರಡು ವಾರ ಬೇಕಾಗುತ್ತದೆ. "ಎರಡು ವಾರ ತಿಂದೆವು, ಏನೂ ಪ್ರಯೋಜನವಿಲ್ಲ" ಎಂದು ಬಿಟ್ಟುಬಿಡುವುದರಿಂದ ನಷ್ಟವಾಗುವುದು ರೋಗಿಗೇ.

1998ರ ನಂತರ ಬಯೋಲಾಜಿಕ್ ಎಂಬ ಇಂಜೆಕ್ಷನ್‌ಗಳು ಬಂದವು. ಊತವನ್ನು ಉಂಟುಮಾಡುವ ಟಿಎನ್‌ಎಫ್ ಎಂಬ ಒಂದೇ ವಸ್ತುವನ್ನು ಹಿಡಿದು ನಿಲ್ಲಿಸುವ ಇನ್‌ಫ್ಲಿಕ್ಸಿಮಾಬ್, ಎಟನರ್ಸೆಪ್ಟ್, ಅಡಲಿಮುಮಾಬ್ ಇವುಗಳಲ್ಲಿ ಮೊದಲಿನವು. ಸೊಂಟ ಬಿಗಿಯಾಗಿ ಬಾಗಿಹೋಗುತ್ತಿದ್ದ ಯುವಕರಿಗೆ ಇವು ನಿಜಕ್ಕೂ ಹೊಸ ಜೀವನ ಕೊಟ್ಟಿವೆ. ವಿದೇಶೀ ಬೆಲೆ ನಮಗೆ ನಿಲುಕುವಂತಿರಲಿಲ್ಲ. 2014ರ ಡಿಸೆಂಬರಿನಲ್ಲಿ ಝೈಡಸ್ ಕಂಪನಿಯು ಅಡಲಿಮುಮಾಬ್‌ನ ಭಾರತೀಯ ರೂಪವನ್ನು ಜಗತ್ತಿನಲ್ಲೇ ಮೊದಲಿಗೆ ಮಾರುಕಟ್ಟೆಗೆ ತಂದ ನಂತರ ಬೆಲೆ ಇಳಿಯತೊಡಗಿತು. ನಮ್ಮ ಬೆಂಗಳೂರಿನ ಬಯೋಕಾನ್ ಸಂಸ್ಥೆ 2013ರಲ್ಲಿ ಸೋರಿಯಾಸಿಸ್ ಎಂಬ ಚರ್ಮರೋಗಕ್ಕೆ ಇಟೋಲಿಜುಮಾಬ್ ಔಷಧವನ್ನು ಬಿಡುಗಡೆ ಮಾಡಿತು. ಇಂಜೆಕ್ಷನ್ ಬದಲು ಬಾಯಿಯಲ್ಲಿ ನುಂಗುವ ಟೋಫಸಿಟಿನಿಬ್ ಮಾತ್ರೆಗೆ 2012ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಈಗ ಭಾರತದ ಹಲವು ಕಂಪನಿಗಳೂ ಅದನ್ನು ತಯಾರಿಸುತ್ತವೆ. ಆದರೆ ಹೃದಯರೋಗದ ಅಪಾಯವಿರುವವರು, ಧೂಮಪಾನಿಗಳು ಇದನ್ನು ಸೇವಿಸುವಾಗ ವಿಶೇಷ ಎಚ್ಚರಿಕೆ ಬೇಕೆಂದು 2021ರಲ್ಲಿ ಅಮೆರಿಕದ ಔಷಧ ಇಲಾಖೆ ತಿಳಿಸಿದೆ. ಲೂಪಸ್ ರೋಗಕ್ಕೆ 2011ರಲ್ಲಿ ಬೆಲಿಮುಮಾಬ್, 2021ರಲ್ಲಿ ಅನಿಫ್ರೊಲುಮಾಬ್ ಅನುಮತಿ ಪಡೆದವು.

ಇತ್ತೀಚಿನ ದೊಡ್ಡ ಸುದ್ದಿ ಜರ್ಮನಿಯ ಎರ್ಲಾಂಗನ್‌ನಿಂದ ಬಂದಿದೆ. ರೋಗಿಯ ಸ್ವಂತ ರಕ್ಷಣಾ ಕಣಗಳನ್ನು ಹೊರತೆಗೆದು, ಪ್ರಯೋಗಶಾಲೆಯಲ್ಲಿ ಬದಲಾಯಿಸಿ ಮತ್ತೆ ದೇಹಕ್ಕೆ ಸೇರಿಸುವ ಕಾರ್ ಟಿ ಎಂಬ ಚಿಕಿತ್ಸೆಯನ್ನು ಅಲ್ಲಿಯ ವೈದ್ಯರು ತೀವ್ರ ಲೂಪಸ್ ರೋಗಿಗಳಿಗೆ ಕೊಟ್ಟರು. 2022ರಲ್ಲಿ ಅವರು ವರದಿ ಮಾಡಿದ ಐದೂ ರೋಗಿಗಳಲ್ಲಿ ರೋಗ ಶಮನವಾಗಿತ್ತು. 2024ರಲ್ಲಿ 15 ರೋಗಿಗಳ ವರದಿ ಬಂತು. ಬೆಂಗಳೂರಿನ ಇಮ್ಯುನೀಲ್ ಸಂಸ್ಥೆಯೂ 2025ರ ಜನವರಿಯಲ್ಲಿ ಇದೇ ಜಾತಿಯ ಚಿಕಿತ್ಸೆಯನ್ನು ಬಿಡುಗಡೆ ಮಾಡಿತು, ಆದರೆ ಅದು ಲಿಂಫೋಮಾ ಎಂಬ ಕ್ಯಾನ್ಸರಿಗೆ. ಗಂಟುರೋಗಕ್ಕೆ ಅಥವಾ ಲೂಪಸ್‌ಗೆ ಇದು ಇನ್ನೂ ಪ್ರಯೋಗದ ಹಂತದಲ್ಲಿದೆ. ಇದನ್ನು ನಂಬಿ ಹೊಲ ಮನೆ ಮಾರಲು ಹೊರಡುವುದು ಬೇಡ.

ಅಗ್ಗದ ಮಾತ್ರೆಯೂ ಸಾಕೇ?

ಈ ಪ್ರಶ್ನೆಗೆ ಎರಡು ಅಧ್ಯಯನಗಳು ಸ್ಪಷ್ಟ ಉತ್ತರ ಕೊಟ್ಟಿವೆ. ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ನಡೆದು 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 111 ರೋಗಿಗಳನ್ನು ಎರಡು ಗುಂಪು ಮಾಡಲಾಯಿತು. ಒಂದು ಗುಂಪನ್ನು ಪ್ರತಿ ತಿಂಗಳು ಪರೀಕ್ಷಿಸಿ, ಊತ ಉಳಿದಿದ್ದರೆ ಹಳೆಯ ಔಷಧಗಳನ್ನೇ ಹೆಚ್ಚಿಸುತ್ತಾ ಹೋದರು. ಇನ್ನೊಂದಕ್ಕೆ ಎಂದಿನ ಚಿಕಿತ್ಸೆ. 18 ತಿಂಗಳಲ್ಲಿ ಮೊದಲ ಗುಂಪಿನ ಶೇಕಡಾ 65 ಮಂದಿಯಲ್ಲಿ ರೋಗ ಅಡಗಿತು. ಎರಡನೆಯದರಲ್ಲಿ ಶೇಕಡಾ 16 ಮಾತ್ರ. ಅಮೆರಿಕದಲ್ಲಿ ನಡೆದು 2013ರಲ್ಲಿ ಪ್ರಕಟವಾದ ಮತ್ತೊಂದು ಅಧ್ಯಯನದಲ್ಲಿ ಮೆಥೊಟ್ರೆಕ್ಸೇಟ್, ಸಲ್ಫಸಲಜಿನ್, ಹೈಡ್ರಾಕ್ಸಿಕ್ಲೋರೋಕ್ವಿನ್ ಮೂರನ್ನು ಸೇರಿಸಿ ಕೊಟ್ಟದ್ದು, ಮೆಥೊಟ್ರೆಕ್ಸೇಟ್ ಜೊತೆ ದುಬಾರಿ ಎಟನರ್ಸೆಪ್ಟ್ ಇಂಜೆಕ್ಷನ್ ಕೊಟ್ಟದ್ದಕ್ಕಿಂತ ಕಡಿಮೆಯೇನೂ ಆಗಲಿಲ್ಲ.

ಆದ್ದರಿಂದಲೇ ಯುರೋಪಿನ ತಜ್ಞರ ಸಂಘವು ಗಂಟು ಊದಿಕೊಂಡವರು ಆರು ವಾರದೊಳಗೆ ತಜ್ಞರನ್ನು ಕಾಣಬೇಕು, ಮೂರು ತಿಂಗಳೊಳಗೆ ಚಿಕಿತ್ಸೆ ಶುರುವಾಗಬೇಕು ಎಂದು ಹೇಳುತ್ತದೆ. ಎಲುಬು ಒಮ್ಮೆ ತಿಂದುಹೋದರೆ ಎಂತಹ ದುಬಾರಿ ಇಂಜೆಕ್ಷನ್ ಕೊಟ್ಟರೂ ಬೆರಳು ಮೊದಲಿನಂತೆ ನೆಟ್ಟಗಾಗುವುದಿಲ್ಲ.

ಎಲ್ಲಿಗೆ ಹೋಗಬೇಕು?

ಈ ರೋಗಗಳ ತಜ್ಞರನ್ನು ರುಮಟಾಲಜಿಸ್ಟ್ ಎನ್ನುತ್ತಾರೆ. ಎಲುಬಿನ ಶಸ್ತ್ರಚಿಕಿತ್ಸಕರು ಬೇರೆ, ಇವರು ಬೇರೆ. ಕರಾವಳಿಯವರು ಮೊದಲು ಮಂಗಳೂರು, ಮಣಿಪಾಲದ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಲ್ಲಿ ವಿಚಾರಿಸುವುದು ಉತ್ತಮ, ಏಕೆಂದರೆ ಈ ಚಿಕಿತ್ಸೆಗೆ ಪದೇ ಪದೇ ಹೋಗಬೇಕಾಗುತ್ತದೆ. ಮಕ್ಕಳು ಸಂಜಯನಗರ, ಆರ್.ಟಿ. ನಗರ, ಹೆಬ್ಬಾಳ, ಯಲಹಂಕ ಕಡೆ ನೆಲೆಸಿರುವ ತಂದೆತಾಯಂದಿರು ರೈಲಿನಲ್ಲಿ ಯಶವಂತಪುರಕ್ಕೆ ಬಂದಿಳಿದರೆ, 1979ರಲ್ಲಿ ಸ್ಥಾಪನೆಯಾದ ರಾಮಯ್ಯ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಸಂಜಯನಗರದ ಪಕ್ಕದಲ್ಲೇ ಇದೆ. ಹೆಬ್ಬಾಳದಲ್ಲಿ 1973ರಿಂದ ಬ್ಯಾಪ್ಟಿಸ್ಟ್ ಆಸ್ಪತ್ರೆ ನಡೆಯುತ್ತಿದೆ. ರಾಜಾಜಿನಗರದಲ್ಲಿ ಡಾ. ಎಸ್. ಚಂದ್ರಶೇಖರ ಅವರು 2002ರಲ್ಲಿ ಆರಂಭಿಸಿದ ಚಾನ್‌ರೆ ಕೇಂದ್ರ ಈ ರೋಗಗಳಿಗೇ ಮೀಸಲು. ಭಾರತದ ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿಯು 1963ರಲ್ಲಿ ಸ್ಥಾಪಿಸಿದ ಸಂತ ಜಾನರ ವೈದ್ಯಕೀಯ ಕಾಲೇಜಿನಲ್ಲಿಯೂ ಇದಕ್ಕೆ ಪ್ರತ್ಯೇಕ ವಿಭಾಗವಿದೆ. ಹೋಗುವ ಮೊದಲು ತಜ್ಞರು ಯಾವ ದಿನ ಸಿಗುತ್ತಾರೆಂದು ಫೋನ್ ಮಾಡಿ ಕೇಳಿಕೊಳ್ಳಿ.

ಕರ್ನಾಟಕದ ತಜ್ಞರು ಒಟ್ಟಾಗಿ ರಾಜ್ಯದ ರುಮಟಾಯ್ಡ್ ರೋಗಿಗಳಲ್ಲಿ ಇರುವ ಇತರ ಕಾಯಿಲೆಗಳ ಬಗ್ಗೆ ನಡೆಸಿದ ಅಧ್ಯಯನವೊಂದು 2017ರಲ್ಲಿ ಪ್ರಕಟವಾಗಿದೆ. ರಕ್ತದೊತ್ತಡ, ಸಕ್ಕರೆ ಕಾಯಿಲೆಗಳು ಈ ರೋಗದ ಜೊತೆಜೊತೆಗೇ ಇರುವುದು ಸಾಮಾನ್ಯ. ಆದ್ದರಿಂದ ಗಂಟಿನ ಜೊತೆ ಇವುಗಳನ್ನೂ ನೋಡಿಸಿಕೊಳ್ಳಬೇಕು.

ರೋಗಿಗಳು ತಪ್ಪದೆ ನೆನಪಿಡಬೇಕಾದದ್ದು

1. ಮೆಥೊಟ್ರೆಕ್ಸೇಟ್ ವಾರಕ್ಕೆ ಒಂದೇ ದಿನ. ದಿನವೂ ತಿಂದರೆ ಪ್ರಾಣಾಪಾಯ. ಭಾನುವಾರವೋ ಬುಧವಾರವೋ ಒಂದು ದಿನ ಗೊತ್ತುಮಾಡಿ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ವೈದ್ಯರು ಹೇಳಿದ ದಿನ ಫೋಲಿಕ್ ಆಮ್ಲದ ಮಾತ್ರೆ ತೆಗೆದುಕೊಳ್ಳಿ. ರಕ್ತ ಪರೀಕ್ಷೆ ತಪ್ಪಿಸಬೇಡಿ. ಮದ್ಯಪಾನ ಬೇಡ.

2. ಆರ್.ಎ. ಫ್ಯಾಕ್ಟರ್ ಪಾಸಿಟಿವ್ ಎಂದ ಮಾತ್ರಕ್ಕೆ ರೋಗವಿದೆ ಎಂದಲ್ಲ, ನೆಗೆಟಿವ್ ಎಂದರೆ ರೋಗವಿಲ್ಲ ಎಂದೂ ಅಲ್ಲ. ರಿಪೋರ್ಟ್ ನೋಡಿ ನಾವೇ ತೀರ್ಮಾನ ಮಾಡಬಾರದು.

3. ಗರ್ಭ ಧರಿಸುವ ಯೋಚನೆಯಿದ್ದರೆ ಮೊದಲೇ ವೈದ್ಯರಿಗೆ ತಿಳಿಸಿ. ಮೆಥೊಟ್ರೆಕ್ಸೇಟನ್ನು ಕೆಲವು ತಿಂಗಳ ಮೊದಲೇ ನಿಲ್ಲಿಸಬೇಕು. ಹೈಡ್ರಾಕ್ಸಿಕ್ಲೋರೋಕ್ವಿನ್, ಸಲ್ಫಸಲಜಿನ್ ಗರ್ಭಿಣಿಯರೂ ವೈದ್ಯರ ಸಲಹೆಯಂತೆ ಮುಂದುವರಿಸಬಹುದು. ಲೂಪಸ್ ಇರುವವರು ಗರ್ಭಿಣಿಯಾದೆನೆಂದು ತಾವಾಗಿ ಮಾತ್ರೆ ಬಿಟ್ಟರೆ ತಾಯಿ ಮಗು ಇಬ್ಬರಿಗೂ ಅಪಾಯ.

4. ಬಯೋಲಾಜಿಕ್ ಇಂಜೆಕ್ಷನ್‌ಗೆ ಮೊದಲು ಕ್ಷಯರೋಗದ ಪರೀಕ್ಷೆ ಆಗಲೇಬೇಕು. ಎದೆಯಲ್ಲಿ ಅಡಗಿರುವ ಕ್ಷಯ ಈ ಔಷಧದಿಂದ ಮೇಲೇಳಬಹುದು.

5. ಹೈಡ್ರಾಕ್ಸಿಕ್ಲೋರೋಕ್ವಿನ್ ಸೇವಿಸುವವರು ಆರಂಭದಲ್ಲಿ ಒಮ್ಮೆ, ಐದು ವರ್ಷದ ನಂತರ ವರ್ಷಕ್ಕೊಮ್ಮೆ ಕಣ್ಣಿನ ಪರೀಕ್ಷೆ ಮಾಡಿಸಬೇಕು.

6. ಸ್ಟೀರಾಯ್ಡನ್ನು ಒಮ್ಮೆಲೇ ನಿಲ್ಲಿಸಬಾರದು. ವೈದ್ಯರು ಹೇಳಿದಂತೆ ನಿಧಾನವಾಗಿ ಇಳಿಸಬೇಕು.

7. ಗಂಜಿ, ಮೀನು, ತೆಂಗಿನಕಾಯಿ ಬಿಟ್ಟರೆ ರೋಗ ಹೋಗುತ್ತದೆ ಎಂಬುದಕ್ಕೆ ಆಧಾರವಿಲ್ಲ. ಬೀಡಿ, ಸಿಗರೇಟು ಬಿಡುವುದರಿಂದ ಖಂಡಿತ ಪ್ರಯೋಜನವಿದೆ. ಊತ ಇಳಿದ ಮೇಲೆ ದಿನವೂ ವ್ಯಾಯಾಮ ಬೇಕು.

ಚರ್ಚಿನ ಸೇವಾಕರ್ತರಿಗೆ ಒಂದು ಮಾತು

ವಾರ್ಡಿನ ಗುರಿಕಾರರು, ಧರ್ಮಭಗಿನಿಯರು, ಸ್ತ್ರೀ ಸಂಘಟನೆಯ ಸದಸ್ಯರು ಮನೆ ಭೇಟಿಗೆ ಹೋದಾಗ ಮೂರು ಪ್ರಶ್ನೆ ಕೇಳಬಹುದು. ಬೆಳಿಗ್ಗೆ ಅರ್ಧ ಗಂಟೆಗಿಂತ ಹೆಚ್ಚು ಹೊತ್ತು ಕೈ ಬಿಗಿಯಾಗಿರುತ್ತದೆಯೇ? ಗಂಟುಗಳಲ್ಲಿ ಊತ ಇದೆಯೇ? ಆರು ವಾರಕ್ಕಿಂತ ಹೆಚ್ಚು ದಿನವಾಯಿತೇ? ಮೂರಕ್ಕೂ ಹೌದು ಎಂದರೆ ಆ ವಾರವೇ ವೈದ್ಯರಲ್ಲಿ ಕಳುಹಿಸಿ. ಬಸ್ಸಿನ ಖರ್ಚಿಗೆ, ಜೊತೆಗೆ ಹೋಗಲು ಒಬ್ಬರಿಗೆ ವ್ಯವಸ್ಥೆ ಮಾಡುವುದು ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆಯಂತಹ ಸಂಘಟನೆಗಳಿಗೆ ಕಷ್ಟವಾಗಲಾರದು.

ಮತ್ತೊಂದು ಸೂಕ್ಷ್ಮ ವಿಷಯವನ್ನೂ ಹೇಳಲೇಬೇಕು. ಮದುವೆಯ ಪ್ರಾಯದ ಹೆಣ್ಣುಮಕ್ಕಳಿಗೆ ಈ ರೋಗ ಬಂದರೆ ಮನೆಯವರು ಬಚ್ಚಿಡುತ್ತಾರೆ, ಮದುವೆಯ ನಂತರ ಗಂಡನ ಮನೆಯಲ್ಲಿ ಮಾತ್ರೆ ತಿನ್ನಲು ಹೆದರಿ ಅವರು ಚಿಕಿತ್ಸೆಯನ್ನೇ ಬಿಡುತ್ತಾರೆ. ಇದು ಅಂಟುರೋಗವಲ್ಲ, ಯಾರ ಪಾಪದ ಫಲವೂ ಅಲ್ಲ. ರೋಗ ಹತೋಟಿಯಲ್ಲಿದ್ದರೆ ಸಂಸಾರ ಮಾಡಬಹುದು, ಮಕ್ಕಳನ್ನು ಹೆತ್ತು ಸಾಕಬಹುದು. ಮದುವೆಯ ಪೂರ್ವಸಿದ್ಧತೆಯ ಶಿಬಿರಗಳಲ್ಲಿ ಈ ಮಾತನ್ನು ಬಿಡಿಸಿ ಹೇಳಿದರೆ ಎಷ್ಟೋ ಹೆಣ್ಣುಮಕ್ಕಳಿಗೆ ಉಪಕಾರವಾದೀತು. ಹಾಗೆಯೇ ಬಲಿಪೂಜೆಯಲ್ಲಿ ಮೊಣಕಾಲೂರಲು ಆಗದೆ ಕುಳಿತೇ ಇರುವ ಯುವಕ ಯುವತಿಯರನ್ನು ಕಂಡರೆ ಉದಾಸೀನವೆಂದು ತಿಳಿಯಬಾರದು. ನೋವು ಹೊರಗೆ ಕಾಣುವುದಿಲ್ಲ.

ನಿಮ್ಮ ಮನೆಯಲ್ಲಿ, ನೆರೆಮನೆಯಲ್ಲಿ ಯಾರಿಗಾದರೂ ಇಂತಹ ಲಕ್ಷಣಗಳಿದ್ದರೆ ಹೊಸ ಇಂಜೆಕ್ಷನ್ ಎಲ್ಲಿ ಸಿಗುತ್ತದೆ ಎಂದು ವಿಚಾರಿಸುತ್ತಾ ದಿನ ಕಳೆಯಬೇಡಿ. ಮೊದಲು ತಜ್ಞರನ್ನು ಕಾಣಿರಿ, ಅವರು ಕೊಟ್ಟ ಮಾತ್ರೆಯನ್ನು ಕ್ರಮವಾಗಿ ಸೇವಿಸಿರಿ. ಇಂಜೆಕ್ಷನ್ ಬೇಕಾದವರಿಗೆ ಅದು ಮುಂದೆಯೂ ಸಿಗುತ್ತದೆ. ಕಳೆದುಹೋದ ಮೊದಲ ಮೂರು ತಿಂಗಳು ಮತ್ತೆ ಸಿಗುವುದಿಲ್ಲ.